ಎಸ್95, ಎಲ್‌ಎಕ್ಸ್5 ಮತ್ತು ಬೇಗೂರಿನ ಹೊಸ ಕಾಳಗ

ಬೆಂಗಳೂರು ಎಂಬ ಹೆಸರು ಕಲ್ಲಿನ ಮೇಲೆ ಬಂದದ್ದೇ ಒಂದು ಹೊಡೆದಾಟದ ನೆಪದಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಕ್ರಿ.ಶ. 890ರ ಸುಮಾರಿನ ಹಳಗನ್ನಡ ಶಾಸನ ‘ಬೆಂಗಳೂರು ಕಾಳಗ’ದಲ್ಲಿ ನಾಗತ್ತರನೆಂಬ ನಾಯಕನ ಕಡೆಯವನೊಬ್ಬ ಸತ್ತದ್ದನ್ನು ಹೇಳುತ್ತದೆ. ಊರಿನ ಹವಾ ಚೆನ್ನಾಗಿದೆ, ದೋಸೆ ಗರಿಗರಿಯಾಗಿದೆ ಎಂದು ಯಾರೂ ಕಲ್ಲು ನೆಡಿಸಲಿಲ್ಲ. ಅದೇ ನಾಗತ್ತರ ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೈನ್ಯದ ಎದುರು ಹೋರಾಡಿ ಮಡಿದ ಕಥೆಯ ವೀರಗಲ್ಲು ಬೇಗೂರಿನಿಂದ ಹೊರಟು ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ. ಆನೆ, ಕುದುರೆ, ಕತ್ತಿ, ಎರಡು ಪಕ್ಷ. ಒಟ್ಟಿನಲ್ಲಿ ಪಕ್ಷ ಕಟ್ಟಿಕೊಂಡು ಗುದ್ದಾಡುವುದರಲ್ಲಿ ಬೇಗೂರಿಗೆ ಸಾವಿರ ವರ್ಷಕ್ಕೂ ಮೀರಿದ ಅನುಭವವಿದೆ.

ಆ ಅನುಭವ ವ್ಯರ್ಥವಾಗಿಲ್ಲ. ಬೇಗೂರು–ಕೊಪ್ಪ ರಸ್ತೆಯ ಬದಿಯ ಅಪಾರ್ಟ್‌ಮೆಂಟೊಂದರಲ್ಲಿ ಈಗ ಹೊಸ ಕಾಳಗ ನಡೆಯುತ್ತಿದೆ. ಒಂದು ಕಡೆ ಕ್ಯಾನನ್ ಪವರ್‌ಶಾಟ್ ಎಸ್95. ಇನ್ನೊಂದು ಕಡೆ ಪ್ಯಾನಸಾನಿಕ್ ಲುಮಿಕ್ಸ್ ಎಲ್‌ಎಕ್ಸ್5. ಒಂದು 2010ರ ಆಗಸ್ಟ್‌ನಲ್ಲಿ ಹೊರಬಂದದ್ದು, ಇನ್ನೊಂದು ಅದೇ ವರ್ಷದ ಜುಲೈನಲ್ಲಿ. ಎರಡರ ತಯಾರಿಕೆಯೂ ನಿಂತು ದಶಕ ದಾಟಿದೆ. ಮಾಡಿದ ಕಂಪನಿಗಳೇ ಮರೆತ ಈ ಎರಡು ಡಬ್ಬಿಗಳಲ್ಲಿ ಯಾವುದು ಮೇಲು ಎಂಬುದು ಇತ್ಯರ್ಥವಾಗದೆ ಇಡೀ ಸಿ ಬ್ಲಾಕಿಗೆ ನಿದ್ದೆಯಿಲ್ಲ.

ಕೊಳ್ಳಲು ಹೊರಟವರು ಸಿ ಬ್ಲಾಕಿನ ಇಂಜಿನಿಯರು. ಹೆಸರು ಬೇಡ, ಇಂಥವರು ಪ್ರತಿ ಬ್ಲಾಕಿನಲ್ಲೂ ಇಬ್ಬರಿರುತ್ತಾರೆ. ನಿಜ ಹೇಳಬೇಕೆಂದರೆ ಕ್ಯಾಮೆರಾ ಕೇಳಿದ್ದು ಅವರಲ್ಲ, ಡಿಗ್ರಿ ಎರಡನೇ ವರ್ಷದಲ್ಲಿರುವ ಅವರ ಮಗಳು.

“ಅಪ್ಪಾ, ನನ್ ಫ್ರೆಂಡ್ಸ್ ಹತ್ರ ಎಲ್ಲಾ ಡಿಜಿಕ್ಯಾಮ್ ಇದೆ. ನಂಗೂ ಒಂದು ಹಳೇದು ಕೊಡ್ಸಪ್ಪ. ಯಾವ್ದಾದ್ರೂ ಪರ್ವಾಗಿಲ್ಲ.”

‘ಯಾವ್ದಾದ್ರೂ ಪರ್ವಾಗಿಲ್ಲ’ ಎಂಬುದು ಬೆಂಗಳೂರಿನ ಇಂಜಿನಿಯರ ಕಿವಿಗೆ ಬೈಗುಳ. ಯಾವುದಾದರೂ ಪರವಾಗಿಲ್ಲ ಎನ್ನುವಂತಿದ್ದರೆ ಇಪ್ಪತ್ತೈದು ವರ್ಷ ಕೋಡು ಬರೆದದ್ದು ಯಾತಕ್ಕೆ? ಗೀಸರ್ ಕೊಳ್ಳುವಾಗ ಹನ್ನೊಂದು ಬ್ರಾಂಡು ಹೋಲಿಸಿದ ಮನುಷ್ಯ ಅವರು. ಮಗಳ ಎಲ್‌ಕೆಜಿಗೆ ಆರು ಶಾಲೆ ಹೋಲಿಸಿ, ಹೋಲಿಕೆ ಮುಗಿಯುವಷ್ಟರಲ್ಲಿ ಐದರಲ್ಲಿ ಅಡ್ಮಿಷನ್ ಮುಗಿದು, ಉಳಿದ ಒಂದನ್ನು ‘ಎಲ್ಲ ಅಳೆದು ತೂಗಿ ಆರಿಸಿದ್ದು’ ಎಂದು ಇವತ್ತಿಗೂ ಹೇಳಿಕೊಳ್ಳುವವರು. ಅಂದು ರಾತ್ರಿ ಊಟ ಮುಗಿದದ್ದೇ ಲ್ಯಾಪ್‌ಟಾಪ್ ತೆರೆಯಿತು. ಮಗಳು ಕೇಳಿದ್ದು ಕ್ಯಾಮೆರಾ. ಅಪ್ಪ ಕೊಟ್ಟದ್ದು ಎಕ್ಸೆಲ್ ಶೀಟು.

ಈ ಹಳೇ ಡಬ್ಬಿಗಳಿಗೆ ಯೋಗ ಕೂಡಿ ಬಂದ ಕಥೆಯನ್ನೂ ಸ್ವಲ್ಪ ಕೇಳಿ. 2010ರಲ್ಲಿ, ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ, 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಮಾರುಕಟ್ಟೆಗೆ ಹೋದವು. ಬಹುಪಾಲು ಜೇಬಿಗೆ ಹಿಡಿಸುವಂಥವು. 2023ರಲ್ಲಿ ದೊಡ್ಡವು, ಚಿಕ್ಕವು ಎಲ್ಲ ಸೇರಿಸಿದರೂ 80 ಲಕ್ಷ ಮುಟ್ಟಲಿಲ್ಲ. ನಡುವೆ ಏನಾಯಿತೆಂದು ಹೇಳಬೇಕಿಲ್ಲ, ಅದು ಈಗ ನಿಮ್ಮ ಕೈಯಲ್ಲೇ ಇದೆ. ಗೃಹಪ್ರವೇಶ, ನಾಮಕರಣ, ಧರ್ಮಸ್ಥಳ, ಊಟಿ ಎಂದು ಕುತ್ತಿಗೆಗೆ ನೇತಾಡಿಕೊಂಡು ಮೆರೆದ ಆ ಕ್ಯಾಮೆರಾಗಳು ಮೊದಲು ಬೀರುವಿಗೆ, ಬೀರುವಿನಿಂದ ಅಟ್ಟಕ್ಕೆ, ಅಟ್ಟದಿಂದ ಗುಜರಿ ಅಂಗಡಿಗೆ ಹೋದವು. ಗುಜರಿಯವನು ಹಳೇ ಮಿಕ್ಸಿಯ ಜೊತೆ ತೂಕಕ್ಕೆ ಹಾಕಿದ. ನಾವು ಸಿಕ್ಕಿದ್ದೇ ಲಾಭ ಎಂದು ದುಡ್ಡು ಜೇಬಿಗಿಳಿಸಿದೆವು.

ಆಮೇಲೆ ಕಾಲೇಜು ಹುಡುಗಿಯರ ಕಣ್ಣು ಬಿತ್ತು. ಫೋನಿನ ಫೋಟೋದಲ್ಲಿ ಮುಖ ಮೇಣದ ಬೊಂಬೆಯ ಹಾಗೆ ಬರುತ್ತದೆ, ಹಳೇ ಕ್ಯಾಮೆರಾದಲ್ಲಿ ಮನುಷ್ಯರ ಹಾಗೆ ಬರುತ್ತದೆ ಎಂಬ ಸುದ್ದಿ ಹಬ್ಬಿತು. ತೂಕಕ್ಕೆ ಹೋದ ಮಾಲಿಗೆ ‘ವಿಂಟೇಜ್’ ಎಂಬ ಬಿರುದು ಸಿಕ್ಕಿತು, ಬಿರುದಿನ ಹಿಂದೆಯೇ ಬೆಲೆ ಬಂತು. ಕಂಪನಿಗಳೇನು ಕಣ್ಣು ಮುಚ್ಚಿ ಕೂತಿರುತ್ತವೆಯೇ? 2016ರ ತನ್ನದೊಂದು ಪುಟ್ಟ ಕ್ಯಾಮೆರಾವನ್ನು ಕ್ಯಾನನ್ 2025ರಲ್ಲಿ ಮತ್ತೆ ಅಂಗಡಿಗಿಟ್ಟಿತು. ಹಳೇ ಹೆಸರಿನ ಬಾಲಕ್ಕೆ ‘ಎ’ ಎಂಬ ಒಂದು ಅಕ್ಷರ, ಎಸ್‌ಡಿ ಕಾರ್ಡಿನ ಜಾಗದಲ್ಲಿ ಮೈಕ್ರೊ ಎಸ್‌ಡಿ. ಅಮೆರಿಕದಲ್ಲಿ 2016ರಲ್ಲಿ ಸುಮಾರು 210 ಡಾಲರ್ ಇದ್ದದ್ದು 2025ರಲ್ಲಿ 379 ಡಾಲರ್ ಆಯಿತು. ಕಾರ್ಡು ಚಿಕ್ಕದಾಯಿತು, ಬಿಲ್ಲು ದೊಡ್ಡದಾಯಿತು.

ಇಂಜಿನಿಯರ ಕಣ್ಣಿಗೆ ಮಾತ್ರ ಅಂಥವು ಬೀಳಲಿಲ್ಲ. ‘ಸೀರಿಯಸ್ ಫೋಟೋಗ್ರಫಿ’ ಮಾಡುವವರಿಗೆ 2010ರಲ್ಲಿ ಇದ್ದದ್ದು ಎರಡೇ ಎಂದು ಅವರು ಸಾರಿದರು. ಮಗಳು ಸೀರಿಯಸ್ ಫೋಟೋಗ್ರಫಿ ಮಾಡುತ್ತೇನೆಂದು ಎಲ್ಲೂ ಹೇಳಿರಲಿಲ್ಲ. ಕಾಲೇಜ್ ಫೆಸ್ಟ್‌ನಲ್ಲಿ ಗೆಳತಿಯರ ಫೋಟೋ ತೆಗೆಯಬೇಕು, ಆಮೇಲೆ ಬೇಗೂರಿನ ಕಲ್ಲುಗಳ ಮೇಲೆ ಒಂದು ಅಸೈನ್‌ಮೆಂಟ್ ಇದೆ ಎಂದಷ್ಟೇ ಹೇಳಿದ್ದಳು. ಅದು ಶೀಟಿನ ಯಾವ ಕಾಲಂನಲ್ಲೂ ಕೂರದ ಮಾಹಿತಿಯಾದ್ದರಿಂದ ಬಿಟ್ಟುಹೋಯಿತು.

ಶೀಟಿನಲ್ಲಿ ಕೂತದ್ದು ಹೀಗಿದೆ.

ಎಸ್95ಕ್ಕೆ 10 ಮೆಗಾಪಿಕ್ಸೆಲ್. ಎಲ್‌ಎಕ್ಸ್5ಕ್ಕೆ 10.1. ಈ ಸೊನ್ನೆ ಬಿಂದು ಒಂದರ ಬಗ್ಗೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಇಡೀ ಶನಿವಾರ ಕಳೆಯಿತು. ಕಾವೇರಿ ನೀರಿನ ಬಗ್ಗೆ ಅದೇ ಬೆಳಿಗ್ಗೆ ಯಾರೋ ಹಾಕಿದ್ದ ಪ್ರಶ್ನೆಗೆ ಎರಡು ಹೆಬ್ಬೆಟ್ಟು ಬಿಟ್ಟರೆ ಇನ್ನೇನೂ ಬಂದಿರಲಿಲ್ಲ.

ಎಸ್95ರ ಲೆನ್ಸು 28ರಿಂದ 105 ಮಿಲಿಮೀಟರ್. ಎಲ್‌ಎಕ್ಸ್5ರದು 24ರಿಂದ 90. ಅಂದರೆ ಒಂದು ತುಸು ದೂರದ್ದನ್ನು ಎಳೆದು ತರುತ್ತದೆ, ಇನ್ನೊಂದು ತುಸು ಅಗಲವಾಗಿ ನೋಡುತ್ತದೆ. ಎಲ್‌ಎಕ್ಸ್5 ಪಕ್ಷದ ನಾಯಕರು ಎ ಬ್ಲಾಕಿನ ನಿವೃತ್ತ ಬ್ಯಾಂಕ್ ಮ್ಯಾನೇಜರು. “ನಮ್ ಹಾಲ್‌ಗಳ ಸೈಜ್ ನೋಡಿ ಸಾರ್. 24 ಇಲ್ದೇ ಇದ್ರೆ ಸತ್ಯನಾರಾಯಣ ಪೂಜೇಲಿ ಅತ್ತೆ ಫ್ರೇಮಿಂದ ಹೊರಗೆ” ಎಂದು ಅವರು ವಾದ ಮಂಡಿಸಿದರು. ಎಸ್95 ಪಕ್ಷದ ನಾಯಕರಾದ ಅಸೋಸಿಯೇಷನ್ ಖಜಾಂಚಿ ಒಂದು ಕ್ಷಣ ಸುಮ್ಮನಿದ್ದು, “ಅದೇ ಸಾರ್, ನಾನು ಹೇಳ್ತಿರೋದೂ ಅದೇ” ಎಂದರು.

ಬೆಳಕಿನ ಕಿಂಡಿಯ ಲೆಕ್ಕಕ್ಕೆ ಬಂದರೆ, ಅಗಲದ ತುದಿಯಲ್ಲಿ ಎರಡೂ ಎಫ್ 2.0, ಸಮಸಮ. ಜೂಮ್ ಪೂರ್ತಿ ಚಾಚಿದಾಗ ಎಸ್95 ಎಫ್ 4.9ಕ್ಕೆ ಕುಗ್ಗುತ್ತದೆ, ಎಲ್‌ಎಕ್ಸ್5 ಎಫ್ 3.3ರಲ್ಲೇ ನಿಲ್ಲುತ್ತದೆ. ಈ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಹಾಗಾಗಿ ಆ ತುದಿಯಲ್ಲಿ ಎಲ್‌ಎಕ್ಸ್5ರೊಳಗೆ ಎರಡು ಪಟ್ಟಿಗಿಂತ ಹೆಚ್ಚು ಬೆಳಕು ಬೀಳುತ್ತದೆ. ಇಡೀ ಶೀಟಿನಲ್ಲಿ ನಿಜವಾಗಿ ತೂಕವಿದ್ದ ಸಾಲುಗಳಲ್ಲಿ ಇದೊಂದು. ಇನ್ನೊಂದು ಬ್ಯಾಟರಿ: ಕಂಪನಿಗಳು ಹೇಳಿಕೊಂಡ ಲೆಕ್ಕದಲ್ಲಿ ಎಸ್95 ಒಂದು ಚಾರ್ಜಿಗೆ ಸುಮಾರು 200 ಫೋಟೋ, ಎಲ್‌ಎಕ್ಸ್5 ಸುಮಾರು 400. ಆದರೆ ಅವು ಹೊಸ ಬ್ಯಾಟರಿಯ ಲೆಕ್ಕ. ಹದಿನೈದು ವರ್ಷ ಯಾರದೋ ಡ್ರಾಯರಿನಲ್ಲಿ ಉಬ್ಬಿಕೊಂಡು ಕೂತ ಬ್ಯಾಟರಿ ಎಷ್ಟು ಕೊಡುತ್ತದೆಂದು ಯಾವ ಕಂಪನಿಯೂ ಬರೆದುಕೊಟ್ಟಿಲ್ಲ.

ತೂಕದಲ್ಲಿ ಎಸ್95 ಗೆದ್ದಿತು. ಅದು 195 ಗ್ರಾಂ, ಎಲ್‌ಎಕ್ಸ್5 ಹೆಚ್ಚುಕಡಿಮೆ 270. ಎಸ್95 ಷರಟಿನ ಜೇಬಿಗೆ ಇಳಿಯುತ್ತದೆ. ಎಲ್‌ಎಕ್ಸ್5ರ ಲೆನ್ಸು ಮುಂದಕ್ಕೆ ಉಬ್ಬಿಕೊಂಡಿರುವುದರಿಂದ ಚೀಲ ಬೇಕು. ಅದರ ಲೆನ್ಸಿನ ಮುಚ್ಚಳವನ್ನು ಕೈಯಲ್ಲೇ ಕಿತ್ತು ತೆಗೆಯಬೇಕು, ಮತ್ತೆ ಕೈಯಲ್ಲೇ ಹಾಕಬೇಕು. “ಮುಚ್ಚಳ ತೆಗೆಯೋದು ಒಂದು ಡಿಸಿಪ್ಲಿನ್ ಸಾರ್” ಎಂದರು ಮ್ಯಾನೇಜರು. “ಮುಚ್ಚಳ ಕಳೆದುಹೋಗೋದು ಒಂದು ಗ್ಯಾರಂಟಿ ಸಾರ್” ಎಂದರು ಖಜಾಂಚಿ.

ಇದರ ನಡುವೆ ಡಿ ಬ್ಲಾಕಿನಿಂದ ಒಬ್ಬರು ಬಂದು ಮೂರನೇ ಬಾಂಬು ಹಾಕಿದರು: ಎಲ್‌ಎಕ್ಸ್5 ಯಾಕೆ, ಲೈಕಾ ಡಿ-ಲಕ್ಸ್ 5 ತಗೊಳ್ಳಿ! ಒಳಗೆ ನೋಡಿದರೆ ಅದೂ ಇದೂ ಒಂದೇ. ಲೆನ್ಸು ಅದೇ, ಸೆನ್ಸರ್ ಅದೇ. ಹೊರಮೈಯನ್ನು ಸ್ವಲ್ಪ ತೀಡಿ, ಒಳಗಿನ ತಂತ್ರಾಂಶವನ್ನು ಸ್ವಲ್ಪ ತಿದ್ದಿ, ಮುಖಕ್ಕೊಂದು ಕೆಂಪು ಚುಕ್ಕೆ ಇಟ್ಟು, ಸುಮಾರು 300 ಡಾಲರ್ ಏರಿಸಿ ಮಾರಿದ್ದರು. ಆ ಚುಕ್ಕೆಯ ಬಗ್ಗೆ ಮಾತಾಡುವಾಗ ಡಿ ಬ್ಲಾಕಿನವರ ದನಿ ಗದ್ಗದವಾಯಿತು. ಇಂಜಿನಿಯರು ಅದಕ್ಕೂ ಒಂದು ಕಾಲಂ ಹಾಕಿ, ಬೆಲೆ ನೋಡಿ, ಕಾಲಂ ಅಳಿಸಿದರು.

ಸಂಖ್ಯೆಗಳಲ್ಲಿ ತೀರ್ಮಾನವಾಗದ ಜಗಳ ಆಮೇಲೆ ಧರ್ಮಕ್ಕೆ ತಿರುಗುತ್ತದೆ. ಈ ಕ್ಷೇತ್ರದಲ್ಲಿ ಆ ಧರ್ಮದ ಹೆಸರು ಸಿಸಿಡಿ. ಬೆಲ್ ಪ್ರಯೋಗಾಲಯದಲ್ಲಿ ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ 1969ರಲ್ಲಿ ಕಂಡುಹಿಡಿದ ಈ ಬೆಳಕಿನ ಚಿಪ್ಪಿಗಾಗಿ ಅವರಿಗೆ 2009ರ ಭೌತಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಹಳೇ ಕ್ಯಾಮೆರಾಗಳಲ್ಲಿದ್ದದ್ದು ಬಹುಪಾಲು ಇದೇ. ಆಮೇಲೆ ಅಗ್ಗವಾದ, ಚುರುಕಾದ, ಕಡಿಮೆ ವಿದ್ಯುತ್ ಕುಡಿಯುವ ಸಿಮಾಸ್ ಬಂದು ಇದನ್ನು ಮೂಲೆಗೊತ್ತಿತು. ಭಕ್ತರ ನಂಬಿಕೆ ಏನೆಂದರೆ, ಸಿಸಿಡಿಯ ಬಣ್ಣದಲ್ಲಿ ಜೀವವಿದೆ, ಸಿಮಾಸ್‌ನ ಬಣ್ಣದಲ್ಲಿ ಇಲ್ಲ.

ಸತ್ಯ ಇನ್ನೂ ತಮಾಷೆಯಾಗಿದೆ. ಸಿಸಿಡಿಗೂ ಬಣ್ಣ ಗೊತ್ತಿಲ್ಲ, ಸಿಮಾಸ್‌ಗೂ ಗೊತ್ತಿಲ್ಲ. ಎರಡಕ್ಕೂ ಕಾಣುವುದು ಬೆಳಕು ಎಷ್ಟು ಬಿತ್ತು ಎಂಬುದೊಂದೇ. ಬಣ್ಣ ಸಿಗುವುದು ಚಿಪ್ಪಿನ ಮೇಲೆ ಕೂರಿಸಿದ ಕೆಂಪು, ಹಸಿರು, ನೀಲಿ ಚೌಕಗಳ ಜಾಲರಿಯಿಂದ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜಾಲರಿ ಅದು. ಆ ಜಾಲರಿಯಿಂದ ಬಂದ ಅಂಕಿಗಳನ್ನು ಕೂಡಿಸಿ ಮುಖಕ್ಕೆ ಎಷ್ಟು ಗುಲಾಬಿ, ಆಕಾಶಕ್ಕೆ ಎಷ್ಟು ನೀಲಿ ಎಂದು ಹಂಚುವುದು ಕ್ಯಾಮೆರಾದೊಳಗಿನ ತಂತ್ರಾಂಶ. ಅಂದರೆ ಭಕ್ತರು ಯಾವ ಬಣ್ಣಕ್ಕೆ ಕೈ ಮುಗಿಯುತ್ತಿದ್ದಾರೋ ಅದನ್ನು ಬೆರೆಸಿದವನು ಜಪಾನಿನ ಯಾವುದೋ ಆಫೀಸಿನಲ್ಲಿ ಕೂತಿದ್ದ ಇನ್ನೊಬ್ಬ ಇಂಜಿನಿಯರು. ಅವನಿಗೂ ಸಂಜೆ ಮನೆಗೆ ಹೋಗುವ ಅವಸರ ಇದ್ದಿರಬಹುದು.

ಹುಡುಗಿಯರಿಗೆ ಹಿಡಿಸಿದ ‘ಹಳೇ ಲುಕ್’ನ ಗುಟ್ಟು ಬಹುಮಟ್ಟಿಗೆ ಬೇರೆ ಕಡೆ ಇದೆ. ಒಂದು, ಕ್ಸೆನಾನ್ ಫ್ಲ್ಯಾಶ್. ಫೋನಿನ ಎಲ್‌ಇಡಿ ದೀಪ ಹೊತ್ತಿಕೊಂಡೇ ಇರುತ್ತದೆ. ಕ್ಸೆನಾನ್ ಅನಿಲದ ಕೊಳವೆ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ಛಟ್ಟೆಂದು ಸಿಡಿದು ಮುಖ ಬೆಳ್ಳಗೆ, ಹಿನ್ನೆಲೆ ಕಪ್ಪಗೆ ಮಾಡಿ, ಕುಣಿಯುತ್ತಿದ್ದವರನ್ನು ಗಾಳಿಯಲ್ಲೇ ನಿಲ್ಲಿಸಿಬಿಡುತ್ತದೆ. ಎರಡು, ಹಳೇ ಕ್ಯಾಮೆರಾಕ್ಕೆ ಅಷ್ಟು ಬುದ್ಧಿ ಇಲ್ಲ. ಹತ್ತು ಫೋಟೋ ಹೊಲಿದು ಒಂದು ಮಾಡಿ, ಮೊಡವೆ ಒರೆಸಿ, ಆಕಾಶಕ್ಕೆ ನೀಲಿ ಬಳಿಯುವ ಉಪಕಾರವನ್ನು ಅದು ಮಾಡುವುದಿಲ್ಲ. ಈ ಎರಡು ಗುಣಗಳಿಗಾದರೆ 2009ರ ಯಾವ ಸಾಧಾರಣ ಡಬ್ಬಿಯೂ ಸಾಕು. ‘ಯಾವ್ದಾದ್ರೂ ಪರ್ವಾಗಿಲ್ಲ’ ಎಂದ ಮಗಳ ಮಾತು ತಾಂತ್ರಿಕವಾಗಿಯೂ ಸರಿಯೇ ಇತ್ತು.

ಸೆನ್ಸರಿನ ಅಳತೆಯ ವಿಷಯ ಇನ್ನೂ ಸೊಗಸು. ಎಸ್95ರದು 1/1.7 ಇಂಚು, ಎಲ್‌ಎಕ್ಸ್5ರದು 1/1.63 ಇಂಚು. ಇವರ ಜೇಬಿನಲ್ಲೇ ಇರುವಂಥ ಎಷ್ಟೋ ಫೋನುಗಳ ಮುಖ್ಯ ಸೆನ್ಸರ್ 1/1.56 ಇಂಚು. ಭಿನ್ನರಾಶಿ ಓದಿದವರಿಗೆ ಗೊತ್ತು, ಇದರಲ್ಲಿ ದೊಡ್ಡದು ಫೋನಿನದು. ಈ ಇಂಚೂ ನಿಜವಾದ ಇಂಚಲ್ಲ. ಹಿಂದಿನ ಕಾಲದ ಟೀವಿ ಕ್ಯಾಮೆರಾದ ಗಾಜಿನ ಕೊಳವೆಯ ಹೊರವ್ಯಾಸದಿಂದ ಉಳಿದುಕೊಂಡ ಲೆಕ್ಕ ಅದು. ‘ಒಂದು ಇಂಚಿನ ಸೆನ್ಸರ್’ ಎಂದು ಮಾರುವ ಚಿಪ್ಪಿನ ಅಳತೆ 13.2 ಮಿ.ಮೀ. ಉದ್ದ, 8.8 ಮಿ.ಮೀ. ಅಗಲ, ಮೂಲೆಯಿಂದ ಮೂಲೆಗೆ ಎಳೆದರೂ ಇಂಚು ತುಂಬುವುದಿಲ್ಲ. ಫ್ಲ್ಯಾಟಿನ ಬಾಲ್ಕನಿ ಅರ್ಧ ಅಡಿ ಕಡಿಮೆ ಬಂತೆಂದು ಬಿಲ್ಡರನಿಗೆ ನೋಟಿಸ್ ಕೊಟ್ಟಿದ್ದ ಇಂಜಿನಿಯರು ಈ ಇಂಚಿನ ಬಗ್ಗೆ ತುಟಿ ಬಿಚ್ಚಲಿಲ್ಲ.

ಇಷ್ಟರಲ್ಲಿ ಸುದ್ದಿ ಅಪಾರ್ಟ್‌ಮೆಂಟಿನ ಗೇಟು ದಾಟಿ ಊರೊಳಗೆ ಹೋಯಿತು. ಹಳೇ ಬೇಗೂರಿನ ತಾತ ಒಬ್ಬರು ಸಂಜೆ ದೇವಸ್ಥಾನದ ಹತ್ತಿರ ಸಿಗುತ್ತಾರೆ. ಇಂಜಿನಿಯರು ಅವರಿಗೂ ಫೋನು ತೋರಿಸಿ, ಎರಡು ಕಾಲಂಗಳನ್ನು ವಿವರಿಸಿ, “ನೀವೇ ಹೇಳಿ ತಾತ, ಯಾವುದು?” ಎಂದರು. ಹತ್ತು ನಿಮಿಷ ತಾಳ್ಮೆಯಿಂದ ಕೇಳಿದ ತಾತ ಅಂದದ್ದು ಒಂದೇ ಮಾತು:

“ತಳಿ ಗೊತ್ತಾಯ್ತು ಸ್ವಾಮಿ. ಎತ್ತು ಎಲ್ಲಿ?”

ತಾತನ ಕಾಲದಲ್ಲಿ ಡಿಸೆಂಬರ್ ಬಂತೆಂದರೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ. ಹಳ್ಳಿಕಾರ್ ಮೇಲೋ ಅಮೃತಮಹಲ್ ಮೇಲೋ ಎಂಬ ಚರ್ಚೆ ಹೋಗುವ ದಾರಿಯಲ್ಲಿ ಮುಗಿಯುತ್ತಿತ್ತು. ಜಾತ್ರೆಯ ಮೈದಾನದಲ್ಲಿ ಎತ್ತಿನ ತಳಿಯನ್ನು ಯಾರೂ ಹೊಗಳುತ್ತಿರಲಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು: ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ. ಗೊರಸು ಎತ್ತಿ ನೋಡುತ್ತಿದ್ದರು. ಸುಳಿ ಎಲ್ಲಿದೆ ಎಂದು ಬೆನ್ನು ಸವರುತ್ತಿದ್ದರು. ನಾಲ್ಕು ಹೆಜ್ಜೆ ನಡೆಸಿ, ನೊಗಕ್ಕೆ ಹೆಗಲು ಕೊಡುತ್ತದೋ ಇಲ್ಲವೋ ಪರೀಕ್ಷಿಸುತ್ತಿದ್ದರು. ಆಮೇಲಷ್ಟೇ ಟವೆಲ್ಲಿನ ಅಡಿ ಕೈಗೆ ಕೈ ಸೇರಿಸಿ, ಬೆರಳು ಹಿಡಿದು ಬೆಲೆಯ ಮಾತು. ಉತ್ತಮ ತಳಿಯ ಕುಂಟೆತ್ತು ಉಳುವುದಿಲ್ಲ ಎಂದು ಅವರಿಗೆ ಯಾವ ಶೀಟೂ ಹೇಳಿಕೊಡಬೇಕಾಗಿರಲಿಲ್ಲ.

ಹಳೇ ಕ್ಯಾಮೆರಾದ ವಿಷಯವೂ ಅಷ್ಟೇ. ಹೊಸದರಲ್ಲಿ ಮಾಡೆಲ್ ನೋಡಬೇಕು. ಹದಿನೈದು ವರ್ಷ ಹಳೆಯದರಲ್ಲಿ ಆ ಒಂದು ಡಬ್ಬಿಯನ್ನು ನೋಡಬೇಕು. ಕಾಯಿಲೆಯಿಲ್ಲದ ಎಲ್‌ಎಕ್ಸ್5 ಕಾಯಿಲೆಯ ಎಸ್95ಕ್ಕಿಂತ ಮೇಲು. ಕಾಯಿಲೆಯಿಲ್ಲದ ಎಸ್95 ಕಾಯಿಲೆಯ ಎಲ್‌ಎಕ್ಸ್5ಕ್ಕಿಂತ ಮೇಲು. ಹೋಲಿಕೆ ಇಲ್ಲಿಗೆ ಮುಗಿಯಿತು.

ಕಾಯಿಲೆ ಹಿಡಿಯುವುದೂ ಕಷ್ಟವಲ್ಲ. ಐದಾರು ಸಲ ಆನ್, ಆಫ್ ಮಾಡಿ: ಲೆನ್ಸಿನ ಕೊಳವೆ ಕರಕರ ಎನ್ನದೆ ಹೊರಬಂದು ಒಳಹೋಗಬೇಕು, ನಡುವೆ ನಿಂತು ‘ಲೆನ್ಸ್ ಎರರ್’ ಎಂದರೆ ಅಲ್ಲೇ ಕೈಮುಗಿಯಿರಿ. ಲೆನ್ಸಿಗೆ ಕೈ ಮುಚ್ಚಿ ಒಂದು ಫೋಟೋ ತೆಗೆಯಿರಿ: ಕತ್ತಲಲ್ಲಿ ನಕ್ಷತ್ರದ ಹಾಗೆ ಚುಕ್ಕೆಗಳು ಹೊಳೆದರೆ ಸೆನ್ಸರಿನ ಕಣ ಕೆಟ್ಟಿದೆ. ಬಿಳಿ ಗೋಡೆಯ ಫೋಟೋ ತೆಗೆಯಿರಿ: ಬೂದು ಮಚ್ಚೆ ಕಂಡರೆ ಒಳಗೆ ಧೂಳು. ಬೆಳಕಿಗೆ ಓರೆಯಾಗಿ ಹಿಡಿಯಿರಿ: ಗಾಜಿನ ಮೇಲೆ ಜೇಡರ ಬಲೆಯಂಥದ್ದು ಇದ್ದರೆ ಫಂಗಸ್, ನಮ್ಮ ಮಳೆಗಾಲಕ್ಕೆ ಬೀರುವಿನಲ್ಲಿ ಕೊಳೆತದ್ದು. ಫ್ಲ್ಯಾಶ್ ಸಿಡಿಸಿ. ಬ್ಯಾಟರಿ ತೆಗೆದು ಸಮತಟ್ಟಾದ ಮೇಜಿನ ಮೇಲಿಡಿ. ತೂಗುಯ್ಯಾಲೆ ಆಡಿದರೆ ಉಬ್ಬಿದೆ. ತೀರ ಹಳೆಯ, 2002–2004ರ ಕಾಲದ್ದಾದರೆ ಇನ್ನಷ್ಟು ಹುಷಾರು. ತಾನು ತಯಾರಿಸಿದ ಕೆಲವು ಸಿಸಿಡಿಗಳು ಬಿಸಿ ಮತ್ತು ತೇವಕ್ಕೆ ಕೆಡುತ್ತಿವೆ ಎಂದು ಸೋನಿ 2005ರಲ್ಲಿ ಒಪ್ಪಿಕೊಂಡಿತ್ತು, ಅವನ್ನು ಬಳಸಿದ್ದ ಬೇರೆ ಕಂಪನಿಗಳೂ ಮಾಡೆಲ್‌ಗಳ ಪಟ್ಟಿ ಹೊರಡಿಸಿದ್ದವು. ಎಸ್‌ಡಿಎಚ್‌ಸಿ ಕಾರ್ಡು ಬಂದದ್ದು 2006ರಲ್ಲಿ. ಅದಕ್ಕೂ ಹಿಂದಿನ ಕ್ಯಾಮೆರಾಗಳು ಸಾಮಾನ್ಯವಾಗಿ 2 ಜಿಬಿಗಿಂತ ದೊಡ್ಡ ಕಾರ್ಡನ್ನು ಗುರುತಿಸುವುದಿಲ್ಲ. ಕ್ಯಾಮೆರಾ ಸಿಕ್ಕರೂ ಕಾರ್ಡು ಹುಡುಕಲು ಇನ್ನೊಂದು ತೀರ್ಥಯಾತ್ರೆ.

ತಾತನ ಮಾತು ನಾಟಿತೋ ಏನೋ, ಇಂಜಿನಿಯರು ಕಡೆಗೂ ಎತ್ತು ನೋಡಲು ಹೊರಟರು. ಹೊಂಗಸಂದ್ರದಲ್ಲಿ ಹಳದಿ ಮೆಟ್ರೊ ಹತ್ತಿ, ಆರ್.ವಿ. ರೋಡಿನಲ್ಲಿ ಹಸಿರಿಗೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿಳಿದು, ಎಸ್.ಪಿ. ರೋಡು. ಸಾದರ ಪತ್ರಪ್ಪನವರ ಹೆಸರಿನ ಆ ರಸ್ತೆಯಲ್ಲಿ ಸಿಗದ ಎಲೆಕ್ಟ್ರಾನಿಕ್ ಬಿಡಿಭಾಗ ಇಲ್ಲ ಎಂಬುದು ಬೆಂಗಳೂರಿನ ನಂಬಿಕೆ. ಮೆಟ್ಟಿಲಿನ ಕೆಳಗಿನ ಒಂದು ಗೂಡಂಗಡಿಯಲ್ಲಿ ಎಸ್95 ಸಿಕ್ಕಿಯೇಬಿಟ್ಟಿತು.

“ಕಂಡೀಷನ್ ಹೆಂಗಿದೆ?”

“ಸೂಪರ್ ಸಾರ್. ಸಿಂಗಲ್ ಹ್ಯಾಂಡ್. ಡಾಕ್ಟ್ರು ಇಟ್ಕೊಂಡಿದ್ರು.”

“ಆನ್ ಮಾಡಿ ತೋರ್ಸಿ.”

“ಬ್ಯಾಟ್ರಿ ಇಲ್ಲ ಸಾರ್.”

“ಮತ್ತೆ ಸೂಪರ್ ಅಂತ ಹೆಂಗ್ ಗೊತ್ತು?”

“ಕೆಟ್ಟಿದೆ ಅಂತ ಯಾರೂ ಹೇಳಿಲ್ವಲ್ಲ ಸಾರ್.”

ಈ ಉತ್ತರದ ತರ್ಕವನ್ನು ಇಂಜಿನಿಯರು ಮೆಚ್ಚಿದರು. ಇಂಥದ್ದೇ ಉತ್ತರದ ಮೇಲೆ ಅವರೂ ಎಷ್ಟೋ ಸಾಫ್ಟ್‌ವೇರ್ ಗಿರಾಕಿಗಳಿಗೆ ಒಪ್ಪಿಸಿದ್ದರು. ಬೇರೆ ಅಂಗಡಿಯಿಂದ ಬ್ಯಾಟರಿ ತಂದು ಹಾಕಿದರೆ ಲೆನ್ಸು ಸರಾಗ ಹೊರಬಂತು, ಫ್ಲ್ಯಾಶ್ ಸಿಡಿಯಿತು, ಚುಕ್ಕೆಯಿಲ್ಲ, ಮಚ್ಚೆಯಿಲ್ಲ. ಎತ್ತು ಗಟ್ಟಿಮುಟ್ಟು. ಬೆಲೆಯೂ ಕೈಗೆಟುಕುವಷ್ಟೇ. ಕೊಳ್ಳದಿರಲು ಒಂದೂ ಕಾರಣ ಉಳಿಯಲಿಲ್ಲ. ಬೆವರಿದ ಇಂಜಿನಿಯರು, “ಎಲ್‌ಎಕ್ಸ್5 ಇದ್ಯಾ? ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ಬೇಕಿತ್ತು” ಎಂದರು. ಇರಲಿಲ್ಲ. ಹೋಲಿಸಲು ಜೋಡಿಯಿಲ್ಲದೆ ಒಂದನ್ನೇ ಕೊಂಡರೆ ಅದು ಕೊಳ್ಳುವುದಲ್ಲ, ದುಡುಕು. ಬರಿಗೈಯಲ್ಲಿ, ಹಗುರ ಮನಸ್ಸಿನಲ್ಲಿ ಮೆಟ್ರೊ ಹತ್ತಿದರು.

ಅಷ್ಟರಲ್ಲಿ ಮಗಳ ಅಸೈನ್‌ಮೆಂಟಿನ ಗಡುವು ಬಂತು. ಅವಳು ಗೆಳತಿಯೊಬ್ಬಳನ್ನು ಕರೆದುಕೊಂಡು, ಕೈಲಿದ್ದ ಫೋನು ಹಿಡಿದು ದೇವಸ್ಥಾನಕ್ಕೆ ಹೋದಳು. ಮೊದಲು ಎದುರಿನಿಂದ ಫ್ಲ್ಯಾಶ್ ಹಾಕಿ ತೆಗೆದರೆ ಕಲ್ಲು ಬಂತು, ಅಕ್ಷರ ಬರಲಿಲ್ಲ. ಸಾವಿರ ವರ್ಷ ಸವೆದ ಗೀರುಗಳು ನೇರ ಬೆಳಕಿಗೆ ಮುಖ ಮುಚ್ಚಿಕೊಳ್ಳುತ್ತವೆ. ಅವು ಎದ್ದು ಕಾಣುವುದು ಬೆಳಕು ಪಕ್ಕದಿಂದ, ಕಲ್ಲಿಗೆ ಸವರಿಕೊಂಡ ಹಾಗೆ ಬಿದ್ದಾಗ. ಆಗ ಪ್ರತಿ ಗೀರೂ ತನ್ನ ನೆರಳನ್ನು ತಾನೇ ಬರೆಯುತ್ತದೆ. ಗೆಳತಿ ತನ್ನ ಫೋನಿನ ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿದಳು. ಇವಳು ಎದುರಿನಿಂದ ತೆಗೆದಳು. ಅಕ್ಷರ ಬಂದವು. ಶಾಸನ ಓದುವವರ ಹಳೇ ಪಾಠ ಇದು. ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹೊರತಂದ ಕಾಲದಲ್ಲಿ ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು, ಮಸಿ ತಟ್ಟಿ ಪಡಿಯಚ್ಚು ತೆಗೆಯುತ್ತಿದ್ದರು. ಈಗ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರಿನಲ್ಲಿ ಹಿಡಿದಿಡುತ್ತಿದ್ದಾರೆ. ಎಲ್ಲರೂ ಹುಡುಕಿದ್ದು ಗೀರಿನ ಆಳವನ್ನೇ. ಅಪ್ಪನ ಶೀಟಿನಲ್ಲಿ ‘ಬೆಳಕು ಯಾವ ಕಡೆಯಿಂದ’ ಎಂಬ ಸಾಲಿರಲಿಲ್ಲ. ‘ಏನನ್ನು ತೆಗೆಯಬೇಕು’ ಎಂಬುದಂತೂ ಇರಲೇ ಇಲ್ಲ.

ಫೋಟೋಗಳನ್ನು ಇಳಿಸಿಕೊಳ್ಳಲು ಅವಳು ಅಪ್ಪನ ಲ್ಯಾಪ್‌ಟಾಪ್ ತೆರೆದಳು. ಹೊಸ ಶೀಟಿನ ಪಕ್ಕದಲ್ಲೇ, ಹಳೇ ಲ್ಯಾಪ್‌ಟಾಪಿನಿಂದ ಹಳೇ ಲ್ಯಾಪ್‌ಟಾಪಿಗೆ ವಂಶಪಾರಂಪರ್ಯವಾಗಿ ಬಂದ ಇನ್ನೊಂದು ಫೈಲಿತ್ತು: ‘ಕ್ಯಾಮೆರಾ ಫೈನಲ್ ಫೈನಲ್ 2’. ಕೊನೆಗೆ ತಿದ್ದಿದ್ದು 2010ರ ಅಕ್ಟೋಬರ್. ಎರಡು ಕಾಲಂ. ಎಸ್95. ಎಲ್‌ಎಕ್ಸ್5. ಅವೇ ಸಾಲುಗಳು, ಅವೇ ಎಫ್ ಸಂಖ್ಯೆಗಳು. ಕೊನೆಯ ಚೌಕದಲ್ಲಿ ಷರಾ: ‘ದೀಪಾವಳಿಗೆ ಬೆಲೆ ಇಳಿಯಬಹುದು. ಕಾಯುವುದು.’

“ಅಪ್ಪಾ, ಆಗ್ಲೇ ನೋಡಿದ್ಯಾ ಇವೆರಡನ್ನೂ? ನಾನಾಗ ಯುಕೆಜಿ.”

“ಹೂಂ. ನಿನ್ ಸ್ಕೂಲ್ ಡೇಗೆ ಅಂತ್ಲೇ ನೋಡಿದ್ದು.”

“ತಗೊಳ್ಳಿಲ್ವಾ?”

“ಬೆಲೆ ಇಳೀಲಿ ಅಂತ ಕಾದೆ.”

“ಇಳೀಲಿಲ್ವಾ?”

“ಇಳೀತು. ಅಷ್ಟೊತ್ತಿಗೆ 2012 ಬಂತು, ಸೋನಿ ಆರ್‌ಎಕ್ಸ್100 ಬಂತು. ಒಂದು ಇಂಚಿನ ಸೆನ್ಸರು! ಅದನ್ನ ಬಿಟ್ಟು ಇದನ್ನ ತಗೊಳ್ಳೋದು ಹೆಂಗೆ ಅಂತ…”

ಮಾತು ಅಲ್ಲಿಗೆ ನಿಂತಿತು. ಅಡುಗೆಮನೆಯಿಂದ, “ರೀ, ಅವಳ ಸ್ಕೂಲ್ ಡೇ ಫೋಟೋ ನಮ್ಮತ್ರ ಒಂದೂ ಇಲ್ಲ, ಗೊತ್ತಿದ್ಯಾ?” ಎಂಬ ದನಿ ಬಂತು. ಇಂಜಿನಿಯರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಅವರ ಕಣ್ಣು ಹೊಳೆಯುತ್ತಿತ್ತು, ಬೆರಳು ಕೀಲಿಮಣೆಯ ಮೇಲಿತ್ತು, ಶೀಟಿನಲ್ಲಿ ಮೂರನೇ ಕಾಲಂ ತೆರೆದುಕೊಂಡಿತ್ತು. ಆರ್‌ಎಕ್ಸ್100 ಈಗ ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗುತ್ತಿದೆಯಲ್ಲ!

“ಬೇಡ ಬಿಡಪ್ಪಾ,” ಅಂದಳು ಮಗಳು. “ಇಂಟರ್ನ್‌ಶಿಪ್ ದುಡ್ಡು ಬಂದ್ಮೇಲೆ ನಾನೇ ಯಾವ್ದಾದ್ರೂ ತಗೋತೀನಿ.”

“ತಗೋ ಪುಟ್ಟಾ, ಖಂಡಿತ ತಗೋ,” ಎಂದರು ಇಂಜಿನಿಯರು, ಪರದೆಯಿಂದ ಕಣ್ಣು ಕೀಳದೆ. “ತಗೊಳ್ಳೋ ಮುಂಚೆ ನಂಗೊಂದ್ ಮಾತು ಹೇಳು. ಶೀಟ್ ಕಳಿಸ್ತೀನಿ.”